ಬಚ್ಚಲ ಗೋಡೆಯ ಕಪ್ಪು

ಒಂದಾನೊಂದು ನೀರಿಲ್ಲದ ಊರಿನಲ್ಲಿ ಒಬ್ಬ ರಾಜನಿದ್ದನಂತೆ, ಅವನಿಗೆ ಒಬ್ಬಳೇ ಮಗಳಂತೆ. ಆ ಊರಿನಲ್ಲಿ ಎಂದಾದರೂ ಮಳೆಯ ಹನಿ ಬಿದ್ದರೆ ಜನ ಅದನ್ನು ಅಂಗೈಯಲ್ಲಿ ಹಿಡಿದು, ಮೂಸಿ ನೋಡಿ, ಇದೇನೋ ಬೆಲೆಬಾಳುವ ವಸ್ತು ಎಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರಂತೆ. ರಾಜ ಮಗಳನ್ನು ನೀರಿನ ರಾಜ್ಯಕ್ಕೆ ಕೊಟ್ಟ. ಅಲ್ಲಿ ದಿಂಬು ಹಿಂಡಿದರೆ ನೀರು, ಗೋಡೆ ಮುಟ್ಟಿದರೆ ನೀರು, ಗಂಡನ ಮಾತಿನಲ್ಲೂ ನೀರು. ಆಮೇಲೆ ರಾಜಕುಮಾರಿ ಸುಖವಾಗಿದ್ದಳೇ ಎಂದು ಕೇಳಿದರೆ ಅಜ್ಜಿ ಕತೆ ನಿಲ್ಲಿಸಿ, ಎಲೆಅಡಿಕೆಯ ಚೀಲಕ್ಕೆ ಕೈ ಹಾಕಿ, ಹುಡುಕುವುದೇ ಮುಖ್ಯವಾದ ಕೆಲಸ ಎನ್ನುವಂತೆ ಬಹಳ ಹೊತ್ತು ಹುಡುಕಿ, "ಆಕಿ ಹೇಳಿ ಕಳ್ಸಿಲ್ಲ, ನನಗ ಹೆಂಗ ಗೊತ್ತಾಗಬೇಕು?" ಎನ್ನುತ್ತಿದ್ದಳು.

ಸುವರ್ಣಳಿಗೆ ಆ ಕತೆ ನೆನಪಾದದ್ದು ದೇಶನೂರಿನ ಗಂಡನ ಮನೆಯ ಬಚ್ಚಲಲ್ಲಿ, ಬೂದಿ ಅದ್ದಿದ ತೆಂಗಿನ ನಾರಿನಿಂದ ಗೋಡೆ ತಿಕ್ಕುತ್ತ ಕುಕ್ಕರಗಾಲಿನಲ್ಲಿ ಕುಳಿತಿದ್ದಾಗ. ಬೂಷ್ಟು ಮತ್ತೆ ಬಂದಿತ್ತು. ಮೊದಲು ಹಂಡೆಯ ಹಿಂದಿನ ಮೂಲೆಯಲ್ಲಿ ಯಾರೋ ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತದೆ. ನಾಲ್ಕು ದಿನ ಮೈಮರೆತರೆ ಸಾಸಿವೆ ಒಂದಕ್ಕೊಂದು ಅಂಟಿ ಬಿಲ್ಲೆಯಾಗುತ್ತದೆ, ಬಿಲ್ಲೆಗಳು ಕೂಡಿ ಕಂಬಳಿಯಾಗುತ್ತವೆ. ತಿಕ್ಕಿದರೆ ಹೋಗುತ್ತದೆ. ಹೋಗುವಾಗ ಎಷ್ಟು ಸುಲಭವಾಗಿ ಹೋಗುತ್ತದೆಂದರೆ, ಅದು ಹೋಗುತ್ತಿಲ್ಲ, ಗೋಡೆಯೊಳಕ್ಕೆ ಸರಿದು ಕುಳಿತು ತನ್ನ ಕೈ ದಣಿಯುವುದನ್ನೇ ಕಾಯುತ್ತಿದೆ ಎಂದು ಅವಳಿಗೆ ಅನ್ನಿಸುತ್ತದೆ. ಗೋಡೆಯ ಆಚೆ ಹಿತ್ತಲು, ಹಿತ್ತಲಿನ ಆಚೆ ಭತ್ತದ ಗದ್ದೆ, ಗದ್ದೆಯ ಆಚೆ ಕಾಲುವೆ. ಕಾಲುವೆ ಬರುವ ಮೊದಲು ಇಲ್ಲಿ ಜೋಳ ಬೆಳೆಯುತ್ತಿದ್ದರಂತೆ, ಈ ದಪ್ಪ ಮಣ್ಣಿನ ಗೋಡೆಗಳು ಆ ಕಾಲದವು. ಅವಕ್ಕೆ ಬಿಸಿಲನ್ನು ತಡೆಯುವುದು ಗೊತ್ತು, ನೀರನ್ನು ತಡೆಯುವುದು ಯಾರೂ ಹೇಳಿಕೊಟ್ಟಿಲ್ಲ. ನೆಲದಿಂದ ತೇವ ಸದ್ದಿಲ್ಲದೆ ಮೇಲೇರುತ್ತದೆ. ರಾತ್ರಿ ಗೋಡೆಗೆ ಬೆನ್ನು ತಾಗಿದರೆ ಸತ್ತ ಮೀನನ್ನು ಮುಟ್ಟಿದ ಹಾಗೆ. ಕುರುಗೋಡಿನ ಮನೆಯ ಗೋಡೆ ಹೀಗಿರಲಿಲ್ಲ. ಅಲ್ಲಿ ಹೊತ್ತು ಮುಳುಗಿದ ಮೇಲೂ ಗೋಡೆ ಬೆಚ್ಚಗಿರುತ್ತಿತ್ತು. ಊರ ಹಿಂದಿನ ಬಂಡೆಗುಡ್ಡ ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ಮನೆಮನೆಗೆ ಹಂಚುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಅಜ್ಜಿಯ ಬೆನ್ನು ಗೋಡೆಗೆ, ತನ್ನ ಬೆನ್ನು ಅಜ್ಜಿಗೆ.

ಬಚ್ಚಲು ಹೀಗಿರಲಿಲ್ಲ ಎಂಬುದೇ ಅವಳ ಸಂಕಟ. ಮದುವೆಯಾದ ವರ್ಷ ಫಸಲು ಚೆನ್ನಾಗಿ ಬಂದು ಅವಳ ಗಂಡ ಉಜ್ಜಿನಪ್ಪ ಹಳೆಯ ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾಯಿ ಮಾಡಿಸಿದ್ದ, ಮೇಲೆ ಸುಣ್ಣ ಬಳಿಸಿದ್ದ, ಹಾವು ಇಳಿದಾವೆಂದು ಮಾಳಿಗೆಯ ಗವಾಕ್ಷಿಯನ್ನು ಕಲ್ಲು ಮುಚ್ಚಿ ಮೆತ್ತಿಸಿದ್ದ. ಓಣಿಯವರು ಬಂದು ನೋಡಿಹೋದರು. ಆ ಆಷಾಢಕ್ಕೆ ತವರಿಗೆ ಹೋದಾಗ ಮನೆ ಹೆಂಗೈತಿ ಎಂದು ಅಜ್ಜಿ ಕೇಳಿದಳು. ಸುವರ್ಣ ಹೇಳಿದಳು. ಹೇಳುತ್ತ ಹೇಳುತ್ತ ಬಚ್ಚಲು ಬೆಳೆಯಿತು. ಗೋಡೆ ಶಂಖದ ಹಾಗೆ ಬಿಳುಪು, ಮುಖ ಕಾಣುತ್ತದೆ. ಹಂಡೆಯಲ್ಲಿ ಕರು ಈಜಬಹುದು. ನೀರು ಸೇದುವುದಿಲ್ಲ, ಕಾಲುವೆಯಿಂದ ತಾನೇ ನಡೆದು ಬರುತ್ತದೆ. ಕತೆ ಕೇಳಿ ಬೆಳೆದವಳ ಬಾಯಿ. ಎಲ್ಲಿ ನಿಲ್ಲಬೇಕೋ ಅದಕ್ಕೆ ತಿಳಿಯಲಿಲ್ಲ. ಕೇಳುತ್ತಿದ್ದ ಅಜ್ಜಿ ಅಕ್ಕನಾಗಮ್ಮನೋ, ಹಿತ್ತಲಿನ ಕಲ್ಲಿನ ಮೇಲೆ ಕುಳಿತು ಒಂದು ಚಂಬು ನೀರಿನಲ್ಲಿ ಜಳಕ ಮುಗಿಸಿ, ಆ ನೀರನ್ನೂ ಕರಿಬೇವಿನ ಬುಡಕ್ಕೆ ಹರಿಸಿಕೊಂಡು ಮುದುಕಿಯಾದವಳು. ಅವಳ ಕಣ್ಣು ಅರಳಿದ್ದನ್ನು ನೋಡಿ ಸುವರ್ಣ ಆ ಮಾತು ಕೊಟ್ಟಳು: "ನಿನ್ನ ಕರ್ಕೊಂಡು ಹೋಗಿ, ಕುಂದ್ರಿಸಿ, ನಾನ ಹಂಡೆ ನೀರು ಹಾಕ್ತೀನಿ." ಅಜ್ಜಿ ಆ ಬಚ್ಚಲನ್ನು ಓಣಿಗೆಲ್ಲ ಹಂಚಿದಳು. ಕೊನೆಗೆ ಅದು ಕುರುಗೋಡಿನಲ್ಲಿ ಯಾರೂ ನೋಡದ, ಎಲ್ಲರಿಗೂ ಗೊತ್ತಿರುವ ಬಚ್ಚಲಾಯಿತು.

ಮಳೆಗಾಲ ಮುಗಿಯುವುದರೊಳಗೆ ಸಾಸಿವೆ ಕಾಣಿಸಿತು. ಒಣಗಲಿ, ಆಮೇಲೆ ಕರೆತರೋಣ ಎಂದುಕೊಂಡಳು. ಒಣಗಲಿಲ್ಲ. ದೀಪಾವಳಿಗೆ ಬಳ್ಳಾರಿಯಿಂದ ಅಕ್ಕ ಚನ್ನವೀರಮ್ಮ ಬಂದಳು. ಅವಳ ಗಂಡನಿಗೆ ಪೇಟೆಯ ಜವಳಿ ಅಂಗಡಿಯಲ್ಲಿ ಕೆಲಸ. ಚನ್ನವೀರಮ್ಮ ಮೂಗಿಗೆ ಸೆರಗು ಹಿಡಿದು ಒಳಗೆ ಹೋದಳು. ಯಾವ ಗೋಡೆಗೂ ಮೈ ತಾಗಬಾರದೆಂದು ನಟ್ಟನಡುವೆ ನಿಂತೇ ಮಿಂದಳು ಎಂಬುದು ಹೊರಗೆ ನಿಂತ ಸುವರ್ಣಳಿಗೆ ನೀರು ಬೀಳುವ ಸದ್ದಿನಿಂದಲೇ ತಿಳಿಯಿತು. ಗೂಟಕ್ಕೆ ಹಾಕಿದ ಹಬ್ಬದ ಸೀರೆಯ ಸೆರಗಿಗೆ ಕಪ್ಪು ಅಂಟಿತ್ತು. "ಇರಲಿ ಬಿಡು, ತೊಳದರ ಹೋಗ್ತೈತಿ," ಅಂದಳು ಅಕ್ಕ. ಆ 'ಇರಲಿ ಬಿಡು' ಇವತ್ತಿಗೂ ಸುವರ್ಣಳ ಕಿವಿಯಲ್ಲಿ ಇಳಿಯದ ನೀರಿನ ಹಾಗೆ ಉಳಿದಿದೆ. ಅಕ್ಕ ಬಸ್ಸು ಹತ್ತಿದ ಮಧ್ಯಾಹ್ನವೇ ಅವಳು ಗೋಡೆಯನ್ನು ಬೆರಳ ಸಿಪ್ಪೆ ಸುಲಿಯುವ ತನಕ ತಿಕ್ಕಿದ್ದಳು.

ಸುಣ್ಣಕ್ಕೆ ಮೈಲುತುತ್ತ ಕಲಸಿ ಬಳಿಯಿರೆಂದು ಆಂಧ್ರದ ಕಡೆಯಿಂದ ಬಂದು ಗದ್ದೆ ಮಾಡಿದವರು ಹೇಳಿದರು. ಉಜ್ಜಿನಪ್ಪ ಸಿರುಗುಪ್ಪದಿಂದ ತಂದು ಬಳಿದ. ಬಚ್ಚಲು ನವಿಲಿನ ಕೊರಳ ಬಣ್ಣವಾಯಿತು. ಅವಳಿಗೆ ಆ ಕೆಲವು ವಾರ ಮೀಯುವುದೇ ಒಂದು ಕತೆಯಾಗಿತ್ತು. ಆಮೇಲೆ ನೀಲಿಯ ಮೇಲೆ ಸಾಸಿವೆ. ಆಗ ಅವಳಿಗೆ ತನ್ನೂರು ಹೊಳೆಯಿತು. ಕುರುಗೋಡಿನಲ್ಲಿ ಮಾಳಿಗೆಗೆಲ್ಲ ಚೌಳು ಮಣ್ಣು ಹಾಕುತ್ತಾರೆ. ಉಪ್ಪುಪ್ಪಾದ ಆ ಬೂದು ಮಣ್ಣನ್ನು ದಾಟಿ ಎಂಥ ಮಳೆಯೂ ಒಳಗಿಳಿಯುವುದಿಲ್ಲ. ತಲೆಯ ಮೇಲೆ ಮಳೆ ತಡೆಯುವ ಮಣ್ಣು ಬೆನ್ನ ಹಿಂದೆ ತೇವ ತಡೆಯದೇ? ತವರಿಗೆ ಹೋದಾಗ ಚೀಲ ತುಂಬ ತಂದಳು. ಕಂಡಕ್ಟರ್ ಅದಕ್ಕೂ ಟಿಕೀಟು ಕೇಳಿ, "ಮಣ್ಣು ನಿಮ್ಮೂರಾಗ ಇಲ್ಲೇನವಾ?" ಎಂದಾಗ ಬಸ್ಸೆಲ್ಲ ನಕ್ಕಿತ್ತು. ಅತ್ತೆ ಕೊಟ್ರಬಸಮ್ಮ ಬೇಡವೆನ್ನಲಿಲ್ಲ, ಬಾಗಿಲಲ್ಲಿ ನಿಂತು ನೋಡಿದಳು. ಸುವರ್ಣ ಗಿಲಾಯಿಯ ಮೇಲೆ ಚೌಳನ್ನು ಕೈಯಾರೆ ಮೆತ್ತಿದಳು, ಅಂಗೈಯಿಂದ ನುಣುಪು ಮಾಡಿದಳು, ಊರಿನ ವಾಸನೆ ಬಂದು ಕಣ್ಣು ತುಂಬಿಕೊಂಡಳು. ಎರಡೇ ದಿನಕ್ಕೆ ಗೋಡೆ ಬೆವರತೊಡಗಿತು. ಮಾಳಿಗೆಯ ಮೇಲಾದರೆ ಬಿಸಿಲು ಒಣಗಿಸುತ್ತಿತ್ತು; ಗವಾಕ್ಷಿ ಮುಚ್ಚಿದ ಕತ್ತಲಲ್ಲಿ ಚೌಳಿನ ಉಪ್ಪು ಇದ್ದಬದ್ದ ತೇವವನ್ನೆಲ್ಲ ಕರೆದು ಕೂಡಿಸಿಕೊಂಡಿತು. ಒಂದು ಮುಂಜಾನೆ ಮಣ್ಣೆಲ್ಲ ಜಾರಿ ಮೋರಿಗೆ ಬಿದ್ದಿತ್ತು. ಹಿಂದೆ ಗೋಡೆ ಮೊದಲಿಗಿಂತ ಕಪ್ಪು. "ನಿಮ್ಮೂರ ಮಣ್ಣಿಗೂ ನಮ್ಮೂರ ನೀರು ಕಂಡ್ರ ಆಸಿ," ಎಂದಳು ಅತ್ತೆ. ಅದರಲ್ಲಿ ಕುಹಕ ಎಷ್ಟು, ಕನಿಕರ ಎಷ್ಟು ಎಂದು ಸುವರ್ಣ ಆ ದಿನವೆಲ್ಲ ತೂಗಿ ನೋಡಿದ್ದಳು.

ಈ ನಡುವೆ ಅಜ್ಜಿ ಕೇಳಿ ಕಳಿಸುತ್ತಲೇ ಇದ್ದಳು. ಪಕ್ಕದ ಮನೆಯ ಗಾದಿಲಿಂಗಪ್ಪ ಎತ್ತಿನ ವ್ಯಾಪಾರಕ್ಕೆಂದು ಆಗಾಗ ಕುರುಗೋಡಿನ ಕಡೆ ಹೋಗುವವನು. ಬಂದವನು ಕಟ್ಟೆಯ ಮೇಲೆ ರುಮಾಲು ಕೊಡವುತ್ತ ಮೊದಲು ಹೇಳುತ್ತಿದ್ದುದೇ ಇದು: "ನಿಮ್ಮಜ್ಜಿ ಕೇಳ್ಯಾಳವಾ, ಹಂಡೆ ನೀರು ಕಾದಾವೇನು ಅಂತ." ಓಣಿ ನಗುತ್ತಿತ್ತು, ಸುವರ್ಣಳೂ ನಗುತ್ತಿದ್ದಳು. "ಉರಿ ಹಚ್ಚೀನಿ ಅಂತ ಹೇಳ್ರಿ." ಮುಂದಿನ ಸಲ, "ಕಟಿಗಿ ಹಸಿ ಅದಾವು ಅಂತ ಹೇಳ್ರಿ." ಅದಕ್ಕೂ ಮುಂದಿನ ಸಲ ಏನು ಹೇಳಿದಳೋ ನೆನಪಿಲ್ಲ, ನಕ್ಕಿದ್ದು ಮಾತ್ರ ನೆನಪಿದೆ. ನಗುತ್ತ ಒಳಗೆ ಬಂದು, ಬಚ್ಚಲ ಕದ ತೆರೆದು, ಗೋಡೆ ನೋಡಿ, ಕದ ಮುಚ್ಚುತ್ತಿದ್ದಳು. ಶಂಖದ ಬಚ್ಚಲು ಎಂದು ನಂಬಿದ ಮುದುಕಿಯನ್ನು ಈ ಕಪ್ಪಿನಲ್ಲಿ ಹೇಗೆ ಕುಳ್ಳಿರಿಸುವುದು? ಸ್ವಲ್ಪ ಬಿಸಿಲು ಬರಲಿ. ಕೊಯಿಲು ಮುಗಿಯಲಿ, ಗದ್ದೆಯ ನೀರು ಬಿಡುತ್ತಾರೆ, ಗೋಡೆ ಒಣಗುತ್ತದೆ. ಹೀಗೆ ಕಾಯುವುದು ಅಜ್ಜಿಯ ಸಲುವಾಗಿಯೋ ತನ್ನ ಮಾತಿನ ಸಲುವಾಗಿಯೋ ಎಂದು ಒಳಗಿನಿಂದ ಯಾರೋ ಕೇಳಿದರೆ ಅವಳು ನಾರು ತೆಗೆದುಕೊಂಡು ತಿಕ್ಕಲು ಕೂಡುತ್ತಿದ್ದಳು.

ಈ ಹೊತ್ತೂ ಹಾಗೆಯೇ ತಿಕ್ಕುತ್ತಿರುವಾಗ ಹೊರಗೆ ಗಾದಿಲಿಂಗಪ್ಪನ ದನಿ ಕೇಳಿತು. ಅತ್ತೆಯೊಡನೆ ಎತ್ತಿನ ಹಲ್ಲಿನ ಮಾತು, ಮಳೆಯ ಮಾತು. ಸುವರ್ಣ ಕೈ ನಿಲ್ಲಿಸಿ ಕಾದಳು. ಅವನು ಏಳುವ ಸದ್ದಾಯಿತು. ಬೂದಿಗೈಯಲ್ಲೇ ಹೊರಗೆ ಬಂದು, ನಮ್ಮಜ್ಜಿ ಸಿಕ್ಕಿದ್ದಳೇ ಎಂದು ಕೇಳಿದಳು. ಸಿಕ್ಕಿದ್ದಳು, ಅಂಗಳದಲ್ಲಿ ಕುಳಿತಿದ್ದಳು, ಮಜ್ಜಿಗೆ ಕೊಟ್ಟಳು ಎಂದ.

"ಏನರ ಕೇಳಿದ್ಲೇನ್ರಿ?"

ಗಾದಿಲಿಂಗಪ್ಪ ಯೋಚಿಸಿದ. "ಇಲ್ಲವಾ. ಈ ಸಲ ಏನೂ ಕೇಳಲಿಲ್ಲ."

ಅವಳು ಒಳಗೆ ಬಂದು ಅದೇ ಜಾಗದಲ್ಲಿ ಕುಳಿತಳು. ಏನೂ ಕೇಳಲಿಲ್ಲ. ಮರೆತಳೇ? ಅರಳುಮರಳೇ? ಕೇಳಿ ಕೇಳಿ ಸಾಕಾಯಿತೇ? ಗೋಡೆಯಲ್ಲಿ ತಿಕ್ಕಿ ಉಳಿದಿದ್ದ ಕಪ್ಪು ಒಂದು ಕಡೆ ಗುಡ್ಡದ ಹಾಗೆ, ಇನ್ನೊಂದು ಕಡೆ ಬೆನ್ನು ಬಾಗಿದ ಹೆಂಗಸಿನ ಹಾಗೆ ಕಂಡಿತು. ಮೋರಿಯಲ್ಲಿ ನೀರು ಹರಿದುಹೋಗುವ ಸಣ್ಣ ಸದ್ದು. ಇಷ್ಟು ದಿನ ತಾನು ಕಾಯಿಸುತ್ತಿದ್ದಳು, ಅಲ್ಲೊಬ್ಬಳು ಕಾಯುತ್ತಿದ್ದಳು; ಕಾಯುವವಳು ಎದ್ದುಹೋದರೆ ಕಾಯಿಸುವವಳ ಕೈಯಲ್ಲಿ ಏನು ಉಳಿಯುತ್ತದೆ? ಅತ್ತೆ ಬಾಗಿಲಲ್ಲಿ ಬಂದು ನಿಂತದ್ದು ಅವಳಿಗೆ ತಿಳಿಯಲೇ ಇಲ್ಲ. ನಾಳೆ ಹೋಗಿ ಕರೆದುಕೊಂಡು ಬರುತ್ತೇನೆ ಎಂದು ಸುವರ್ಣ ಗೋಡೆಗೇ ಹೇಳಿದಳು, ಆದರೆ ಇದು, ಇದು ಹೀಗಿದೆಯಲ್ಲ.

ಕೊಟ್ರಬಸಮ್ಮ ಅವಳ ಕೈಯಿಂದ ನಾರನ್ನು ತೆಗೆದು ಮೂಲೆಗೆ ಒಗೆದಳು. "ನಿಮ್ಮಜ್ಜಿ ಗ್ವಾಡಿ ನೋಡಾಕ ಬರ್ತಾಳೇನವಾ? ಮೈ ತೊಳ್ಕಳಾಕ ಬರ್ತಾಳ."

ಮರುದಿನ ಸುವರ್ಣ ತವರಿಗೆ ಹೊರಟಳು. ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ, ತೆಕ್ಕಲಕೋಟೆ ದಾಟುವವರೆಗೆ ಕಿಟಕಿಯ ಹೊರಗೆಲ್ಲ ಹಸಿರು ನೀರು. ಆಮೇಲೆ ನೀರು ಹಿಂದೆ ಬಿದ್ದಿತು, ಗಾಳಿ ಹಗುರಾಯಿತು, ದೂರದಲ್ಲಿ ಬಂಡೆಗಳು ಒಂದರ ಮೇಲೊಂದು ಕುಳಿತು ಅವಳನ್ನು ನೋಡಿದವು. ತುಟಿ ಒಣಗಿದ್ದು ಅವಳಿಗೆ ಹಿತವಾಗಿತ್ತು. ಮನೆಯಲ್ಲಿ ಅಜ್ಜಿ ಅದೇ ಗೋಡೆಗೆ ಬೆನ್ನು ಕೊಟ್ಟು ಕಾಲು ನೀಡಿ ಕುಳಿತಿದ್ದಳು. ಕಾಲು ಮೊದಲಿಗಿಂತ ತೆಳ್ಳಗಾಗಿ ಜೋಳದ ದಂಟಿನ ಹಾಗಾಗಿದ್ದವು. ಮೊಮ್ಮಗಳ ಗುರುತು ಹಿಡಿದಳು, ಗಂಡನ ಮನೆಯವರ ಹೆಸರೆಲ್ಲ ಹಿಡಿದು ಕ್ಷೇಮ ಕೇಳಿದಳು, ಎಮ್ಮೆ ಈದಿತೇ ಎಂದೂ ಕೇಳಿದಳು. ಅರಳುಮರಳಲ್ಲ. ಎಲ್ಲವನ್ನೂ ಕೇಳಿದಳು, ಒಂದನ್ನು ಬಿಟ್ಟು. ಸುವರ್ಣ ಪಕ್ಕದಲ್ಲಿ ಗೋಡೆಗೆ ಒರಗಿದಳು. ಬಿಸುಪು ಸೀರೆ ದಾಟಿ ಒಳಗಿಳಿಯಿತು.

"ನೀರು ಕಾದಾವೇನು ಅಂತ ಯಾಕ ಕೇಳಿ ಕಳಿಸ್ಲಿಲ್ಲ?"

ಅಜ್ಜಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಮೆಲ್ಲಕ ಮಾತಾಡಲೇ. ನಂದು ಜಳಕ ಆಗೇತಿ."

ಮಾತು ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು. ಪಂಚಮಿಗೆ ಚನ್ನವೀರಮ್ಮ ಬಂದಿದ್ದಾಗ ಎದುರು ಮನೆಯ ಪಕ್ಕೀರಮ್ಮನೂ ಇನ್ನು ನಾಲ್ಕು ಮಂದಿಯೂ ಇದೇ ಅಂಗಳದಲ್ಲಿ ಕುಳಿತಿದ್ದರಂತೆ. ಸುವರ್ಣಳ ಬಚ್ಚಲ ಮಾತು ಬಂದಿತು. ಚನ್ನವೀರಮ್ಮ ಕೆಟ್ಟವಳಲ್ಲ, ಸೀರೆಯ ಸಿಟ್ಟು ಬಾಯಿಗೆ ಬಂತು. ಅದು ಒಲೆಯ ಒಳಗಿನ ಹಾಗೆ ಕಪ್ಪಗಿದೆ, ಹಂದಿಯೂ ಅಲ್ಲಿ ಮೀಯುವುದಿಲ್ಲ ಎಂದಳು. ಪಕ್ಕೀರಮ್ಮ ನಕ್ಕಳು. ಶಂಖದ ಬಚ್ಚಲು, ಶಂಖದ ಬಚ್ಚಲು ಎಂದು ತೊಡೆ ತಟ್ಟಿಕೊಂಡು ನಕ್ಕಳು. ಎಲ್ಲರೂ ನಕ್ಕರು.

"ನನಗ ತಡೀಲಿಲ್ಲ," ಅಂದಳು ಅಜ್ಜಿ. "ಚನ್ನವೀರಿ ಸುಳ್ಳು ಹೇಳ್ತಾಳ, ನಾನ ಹೋಗಿ ಬಂದೀನಿ, ಕಣ್ಣಾರೆ ನೋಡೀನಿ ಅಂದೆ. ಯಾವಾಗ ಹೋಗಿದ್ದಿ ಅಂದ್ಲು ಪಕ್ಕೀರಿ. ಬೀಗರ ಮನಿ ಮದುವಿಗೆ ಕಂಪ್ಲಿಗೆ ಹೋಗಿದ್ದೆನಲ್ಲ, ಅಲ್ಲಿಂದ ಹಂಗ ಹೋಗಿದ್ದೆ ಅಂದೆ. ಗ್ವಾಡಿ ಬೆಳ್ಳಗದಾವು, ಮಾರಿ ಕಾಣ್ತೈತಿ ಅಂದೆ. ನೀನು ಹೇಳಿದ್ದೆಲ್ಲ ಹೇಳಿದೆ. ಇನ್ನೊಂದೀಟು ಸೇರಿಸಿದೆ." ಅವಳು ಸೀರೆಯ ಅಂಚನ್ನು ಮಡಿಕೆ ಮಾಡಿದಳು, ಬಿಚ್ಚಿದಳು. "ಮಿಂದು ಬಂದಾಕಿ ನೀರು ಕಾದಾವೇನು ಅಂತ ಹೆಂಗ ಕೇಳಿ ಕಳ್ಸಲಿ?"

ಸುವರ್ಣಳಿಗೆ ನಗು ಬಂತು, ಅದರ ಹಿಂದೆಯೇ ಬಂದದ್ದು ನಗುವಾಗಿರಲಿಲ್ಲ. ತಾನು ಬೂಷ್ಟನ್ನು ತಿಕ್ಕಿ ತಿಕ್ಕಿ ಒರೆಸಲಾರದೆ ಹೋದ ಬಚ್ಚಲನ್ನು ಈ ಮುದುಕಿ ಇಲ್ಲಿ ಅಂಗಳದಲ್ಲಿ ಕುಳಿತು, ಒಂದು ತೊಟ್ಟು ನೀರೂ ಇಲ್ಲದೆ, ಮಾತಿನಲ್ಲಿ ತೊಳೆದು ಬೆಳ್ಳಗಿಟ್ಟಿದ್ದಳು. ಅದಕ್ಕಾಗಿ ತನ್ನ ಜಳಕವನ್ನೇ ಬಿಟ್ಟುಕೊಟ್ಟಿದ್ದಳು. ಚನ್ನವೀರಮ್ಮ ಹೇಳಿದ್ದು ನಿಜ ಎಂದು ಸುವರ್ಣ ನೆಲ ನೋಡುತ್ತ ಹೇಳಿದಳು. ಕಪ್ಪಗಿದೆ. ವಾಸನೆ ಇದೆ. ಹೋಗುವುದೇ ಇಲ್ಲ. ಅಜ್ಜಿ ಅವಳ ಕೈ ಹಿಡಿದು ತಿರುಗಿಸಿ ಉಗುರುಗಳನ್ನು ನೋಡಿದಳು, ಒಂದೊಂದನ್ನೂ.

"ಗೊತ್ತೈತಿ ಬಿಡು. ನಡಿ, ಬರ್ತೀನಿ. ಮತ್ತೊಮ್ಮಿ ಹೋದಂಗ ಹೋಗೂನು."

ಮರುದಿನ ಹೊರಡುವಾಗ ಅಜ್ಜಿ ಪಕ್ಕೀರಮ್ಮನ ಬಾಗಿಲಲ್ಲಿ ನಿಂತು, ಮೊಮ್ಮಗಳು ಬಿಡಲೊಲ್ಲಳು, ಮತ್ತೆ ಬಾ ಅಂತ ಬಂದು ಕುಂತಾಳ ಎಂದು ದಣಿದವಳ ಹಾಗೆ ಹೇಳಿದಳು. ಬಸ್ಸಿನಲ್ಲಿ ಮಾತ್ರ ಮಗುವಿನ ಹಾಗೆ ಕಿಟಕಿಗೆ ಅಂಟಿಕೊಂಡಳು. ಕಾಲುವೆ ಕಂಡಾಗ ಕೈ ಮುಗಿದಳು. ಗದ್ದೆಗಳಲ್ಲಿ ನಿಂತ ನೀರನ್ನು ನೋಡಿ, ಇಷ್ಟು ನೀರನ್ನು ಹೀಗೆ ಬಯಲಿಗೇ ಬಿಟ್ಟಿದ್ದಾರಲ್ಲ, ಯಾರೂ ಒಯ್ಯುವುದಿಲ್ಲವೇ ಎಂದು ಕೇಳಿದಳು.

ಮುಂಜಾನೆ ಸುವರ್ಣ ಏಳುವುದರೊಳಗೆ ಅತ್ತೆ ಹತ್ತಿಕಟ್ಟಿಗೆ ತುರುಕಿ ಹಂಡೆಗೆ ಉರಿ ಹಚ್ಚಿದ್ದಳು. ಕದ ತೆರೆದರೆ ಹೊಗೆ, ಹಬೆ, ಅದರ ಹಿಂದೆ ಗೋಡೆ. ಊರಿಗೆ ಹೋಗಿ ಬರುವುದರೊಳಗೆ ಕಪ್ಪು ಮತ್ತೆ ಹರಡಿತ್ತು. ನಾರು ಮೂಲೆಯಲ್ಲಿ ಬಿದ್ದಿತ್ತು. ಸುವರ್ಣ ಅದನ್ನು ನೋಡಿದಳು, ಎತ್ತಿಕೊಳ್ಳಲಿಲ್ಲ. ಅಜ್ಜಿ ಹೊಸ್ತಿಲಲ್ಲಿ ಗೋಡೆ ಹಿಡಿದು ನಿಂತು ಕಣ್ಣನ್ನು ಕತ್ತಲೆಗೆ ಹೊಂದಿಸಿಕೊಂಡಳು. ನೋಡಿದಳು. ನಾಲ್ಕೂ ಕಡೆ, ಅವಸರವಿಲ್ಲದೆ, ಹಂಡೆಯ ಹಿಂದಿನ ಮೂಲೆಯನ್ನು ಬಗ್ಗಿ ಕೂಡ ನೋಡಿದಳು. ಆಮೇಲೆ ಸೀರೆ ಬಿಚ್ಚಿಟ್ಟು, ಕೊರಳಿನ ಲಿಂಗವನ್ನು ಎಡಗೈಯಲ್ಲಿ ಹಿಡಿದು ಕಲ್ಲಿನ ಮೇಲೆ ಕುಳಿತಳು. ಕುಳಿತವಳು, ಜೀವಮಾನವೆಲ್ಲ ಗೋಡೆಗೆ ಬೆನ್ನು ಕೊಟ್ಟೇ ಕುಳಿತ ಅಭ್ಯಾಸಕ್ಕೆ, ಹಿಂದಕ್ಕೆ ಒರಗಿದಳು.

"ಅಯ್ಯ, ತಣ್ಣಗೈತಿ," ಎಂದು ಮುಂದೆ ಸರಿದಳು. ಸುಕ್ಕಿದ ಬೆನ್ನಿನ ಮೇಲೆ ಗೋಡೆಯ ಕಪ್ಪು ಬಿಲ್ಲೆ ಬಿಲ್ಲೆಯಾಗಿ ಅಚ್ಚೊತ್ತಿತ್ತು.

ಮೊದಲ ಚಂಬಿಗೆ ಅಜ್ಜಿ ಉಸಿರು ಹಿಡಿದು ಇಷ್ಟೇ ಇಷ್ಟಾದಳು. ಎರಡನೆಯದಕ್ಕೆ ಕೈ ಅಡ್ಡ ಹಿಡಿದು, ಕೆಳಗೆ ಒಂದು ಬೋಗುಣಿ ಇಡು, ಯಾಕೆ ಚೆಲ್ಲುತ್ತೀ ಎಂದಳು. ಸುವರ್ಣ ಕೇಳದವಳಂತೆ ಹುಯ್ದಳು. ಬಿಳಿಕೂದಲು ನೆತ್ತಿಗೆ ಅಂಟಿ ತಲೆ ಮಗುವಿನ ತಲೆಯಷ್ಟಾಯಿತು. ಮೆಲ್ಲಗೆ ಹೆಗಲು ಸಡಿಲಿತು. ಮುಷ್ಟಿಯೊಳಗಿನ ಲಿಂಗದ ಮೇಲಿಂದ ನೀರು ಮೊಳಕೈಗೆ ಇಳಿಯಿತು. ಮುಖದ ನೀರು ಒರೆಸಿಕೊಳ್ಳದೆ, ಕಣ್ಣು ತೆರೆಯದೆ ಅಜ್ಜಿ ಹೇಳಿದಳು:

"ಹೋದ ಸಲ ಇದಕ್ಕಿಂತ ಬಿಸಿ ಇದ್ದುವು."

ಸುವರ್ಣ ಚಂಬು ಹಿಡಿದೇ ನಕ್ಕಳು. ಹಬೆಯಲ್ಲಿ, ಕಪ್ಪು ಗೋಡೆಗಳ ನಡುವೆ ನಿಂತು, ಮದುವೆಯಾದಂದಿನಿಂದ ಈ ಮನೆಯಲ್ಲಿ ಯಾರೂ ಕೇಳದ ದನಿಯಲ್ಲಿ ನಕ್ಕಳು. ಹೊರಗಿನಿಂದ ಅತ್ತೆ ಏನಾಯಿತೆಂದು ಕೇಳಿದಳು. ನೀರು ಬಿಸಿ ಸಾಲದಂತೆ ಎಂದು ಇವಳು ಹೇಳಿದ್ದೇ, ಒಲೆಯೊಳಗೆ ಇನ್ನೊಂದು ಹಿಡಿ ಹತ್ತಿಕಟ್ಟಿಗೆ ಚಟಪಟ ಎಂದಿತು. ಸುವರ್ಣ ಕಡಲೆಹಿಟ್ಟು ತೆಗೆದುಕೊಂಡು ಬೆನ್ನು ತಿಕ್ಕಿದಳು. ಗೋಡೆಯ ಮೇಲೆ ಎಷ್ಟು ಒತ್ತಿ ತಿಕ್ಕುತ್ತಿದ್ದಳೋ ಅಷ್ಟೇ ಮೆತ್ತಗೆ, ಎಲುಬು ಎಣಿಸುವ ಹಾಗೆ. ಕಪ್ಪು ಕರಗಿ ಬೆರಳ ಸಂದಿಯಲ್ಲಿ ಇಳಿದು ಮೋರಿಯ ಕಡೆ ಹೋಯಿತು. ಚಂಬಿನ ಮೇಲೆ ಚಂಬು ಹುಯ್ದಳು. ಅಜ್ಜಿ ಈಗ ಬೇಡವೆನ್ನಲಿಲ್ಲ, ಬೋಗುಣಿ ಕೇಳಲಿಲ್ಲ. ಚಂಬು ಹಂಡೆಯ ತಳಕ್ಕೆ ತಾಗಿ ತಾಮ್ರದ ಸದ್ದಾಯಿತು. ಸುವರ್ಣ ಹಂಡೆಯೊಳಕ್ಕೆ ಬಗ್ಗಿ, ತಳದಲ್ಲಿ ಉಳಿದದ್ದನ್ನು ಚಂಬಿನ ಅಂಚಿನಿಂದಲೇ ಗೋರಿ ತುಂಬಿಕೊಂಡು, ನೆತ್ತಿಯ ಮೇಲೆ ನಿಧಾನವಾಗಿ, ಕೊನೆಯ ಹನಿಯವರೆಗೂ ಸುರಿದಳು.

ನೀರು ಮುಗಿದಿತ್ತು. ಅಜ್ಜಿ ಕಣ್ಣು ತೆರೆಯದೆ, ಇನ್ನೊಂದು ಚಂಬಿಗೆ ಕಾಯುವವಳ ಹಾಗೆ, ತಲೆ ಬಗ್ಗಿಸಿಕೊಂಡೇ ಕುಳಿತಿದ್ದಳು.